ಮನೆಯವರ ಫೋಟೊ ಫಿಲ್ಮಿನಲ್ಲೇ ಬೇಕೇ?

ಓದುಗರ ಪ್ರಶ್ನೆ: "ನನಗೆ ಆರು ಮತ್ತು ಮೂರು ವರ್ಷದ ಇಬ್ಬರು ಮಕ್ಕಳು. ಮುಂದಿನ ತಿಂಗಳು ನಮ್ಮ ಮನೆಯವರೆಲ್ಲ, ಒಟ್ಟು ಹದಿನಾರು ಜನ, ಒಂದು ದಿನದ ಮಟ್ಟಿಗೆ ಒಟ್ಟಿಗೆ ಸೇರುತ್ತಿದ್ದೇವೆ. ಅಪ್ಪನಿಗೆ ಈಗ ಎಪ್ಪತ್ತೆಂಟು. ಆ ದಿನದ ಫೋಟೊಗಳನ್ನು ಫಿಲ್ಮಿನಲ್ಲಿ ತೆಗೆಸಬೇಕೆಂದು ನನಗೆ ಬಹಳ ಆಸೆ. ಅಪ್ಪ ಅಮ್ಮನ ಮದುವೆಯಿಂದ ನಮ್ಮ ಶಾಲೆಯ ದಿನಗಳವರೆಗಿನ ಹಳೆಯ ಆಲ್ಬಮ್ ತೆರೆದರೆ ಆಗುವ ಸಂತೋಷ, ಫೋನಿನಲ್ಲಿರುವ ಸಾವಿರಾರು ಫೋಟೊ ನೋಡಿದರೆ ಆಗುವುದಿಲ್ಲ. ನಮ್ಮ ಯಜಮಾನರು 'ಸುಮ್ನೆ ದುಡ್ಡು ದಂಡ, ಒಂದು ಫಿಲ್ಟರ್ ಹಾಕಿದರೆ ಅದೇ ಬಣ್ಣ ಬರುತ್ತೆ' ಅನ್ನುತ್ತಾರೆ. ತಮ್ಮ 'ರೋಲ್ ಹಾಳಾದರೆ ಏನ್ ಮಾಡ್ತೀಯಾ' ಅಂತ ಹೆದರಿಸುತ್ತಾನೆ. ಅಪ್ಪನ ಹಳೆಯ ಕ್ಯಾಮೆರಾ ಬೀರುವಿನಲ್ಲಿದೆ. ಒಳಗೆ ಅರ್ಧ ಮುಗಿದ ರೋಲ್ ಇದೆ, ಎಣಿಕೆ 22ಕ್ಕೆ ನಿಂತಿದೆ. ಅದರಲ್ಲಿ ನಾನೇ ತೆಗೆಯಲೇ, ಅಥವಾ ಫಿಲ್ಮ್ ಬಲ್ಲ ಫೋಟೊಗ್ರಾಫರನ್ನು ಕರೆಸಲೇ? ಇದು ಬರೀ ಹಳೆಯ ನೆನಪಿನ ಸೆಳೆತವೇ, ಫಿಲ್ಮಿನಲ್ಲಿ ನಿಜಕ್ಕೂ ಏನಾದರೂ ಇದೆಯೇ?"

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಸೇರಿಕೊಂಡಿವೆ. ಹಳೆಯ ನೆನಪಿನ ಮೋಹಕ್ಕೆ ಬಿದ್ದು ದುಡ್ಡು ಕಳೆಯುತ್ತಿದ್ದೇನೆಯೇ ಎಂಬುದು ಒಂದು. ಅಪ್ಪನೂ ಇರುವ ಇಂಥ ದಿನ ಮತ್ತೆ ಸಿಗುತ್ತದೋ ಇಲ್ಲವೋ, ಅದರ ಫೋಟೊವೂ ಕೈತಪ್ಪಿದರೆ ಎಂಬುದು ಇನ್ನೊಂದು. ಈ ಎರಡನೆಯದೇ ದೊಡ್ಡ ಚಿಂತೆ. ಯಾವ ಕ್ಯಾಮೆರಾ, ಎಷ್ಟು ರೋಲ್ ಎಂಬುದನ್ನೆಲ್ಲ ಅದನ್ನು ನೋಡಿಕೊಂಡೇ ತೀರ್ಮಾನಿಸಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಫಿಲ್ಮಿನಲ್ಲಿ ಖಂಡಿತ ತೆಗೆಸಿ. ಆದರೆ ಇಡೀ ದಿನದ ಭಾರವನ್ನು ಫಿಲ್ಮಿನ ಮೇಲೆ ಹೊರಿಸಬೇಡಿ.

ಮೊದಲು ನಿಮ್ಮ ಆಲ್ಬಮ್ ವಿಷಯ. ಅದರಲ್ಲಿ 1970–80ರ ದಶಕದ ಬಣ್ಣದ ಪ್ರಿಂಟುಗಳಿದ್ದರೆ ಅವು ಈಗ ಕೆಂಪಗೋ ಕಿತ್ತಳೆಯಾಗಿಯೋ ಕಾಣುತ್ತಿರಬಹುದು. ಆ ಬಣ್ಣವೇ ಫಿಲ್ಮಿನ ಬಣ್ಣ ಎಂದು ತುಂಬ ಜನ ತಿಳಿದಿದ್ದಾರೆ. ಪ್ರಿಂಟ್ ಕೈಗೆ ಬಂದ ದಿನ ಅದು ಹಾಗಿರಲಿಲ್ಲ. ಬಣ್ಣದ ಪ್ರಿಂಟಿನಲ್ಲಿ ಹಳದಿ, ಮಜೆಂಟಾ, ಸಯಾನ್ ಎಂಬ ಮೂರು ಬಣ್ಣಗಳ ಪದರಗಳಿರುತ್ತವೆ. ಆ ಕಾಲದ ಕಾಗದಗಳಲ್ಲಿ ಸಯಾನ್, ಅಂದರೆ ಹಸಿರು ಬೆರೆತ ನೀಲಿ, ಕತ್ತಲಲ್ಲಿ ಮುಚ್ಚಿಟ್ಟರೂ ಉಳಿದೆರಡಕ್ಕಿಂತ ಬೇಗ ಮಾಸುತ್ತಿತ್ತು. ಅದು ಹೋದ ಮೇಲೆ ಕೆಂಪು ಎದ್ದು ಕಾಣುತ್ತದೆ. ಫೋನಿನ ಎಷ್ಟೋ 'ಹಳೆಯ ಕಾಲದ' ಫಿಲ್ಟರುಗಳು ನಕಲು ಮಾಡುವುದು ಈ ಮಾಸಿದ ಬಣ್ಣವನ್ನು. ಇವತ್ತು ಹೊಸ ರೋಲಿನಲ್ಲಿ ತೆಗೆದು ಸರಿಯಾಗಿ ತೊಳೆಸಿದ (ಡೆವಲಪ್ ಮಾಡಿಸಿದ) ಫೋಟೊ ಹಾಗೆ ಬರುವುದಿಲ್ಲ. ಆ ಕೆಂಪು ಬೇಕೆಂದೇ ನೀವು ಫಿಲ್ಮ್ ತೆಗೆಸಿದರೆ ನಿರಾಶೆಯಾದೀತು.

ಹಾಗಾದರೆ ಫಿಲ್ಮಿನ ಸ್ವಂತ ಗುಣ ಯಾವುದು? ನನ್ನ ಮಟ್ಟಿಗೆ ಮುಖ್ಯವಾದದ್ದು, ಅದು ಜೋರು ಬೆಳಕನ್ನು ತಾಳಿಕೊಳ್ಳುವ ರೀತಿ. ಬೆಳಕು ಹೆಚ್ಚಿದಂತೆ ನೆಗೆಟಿವ್, ಅಂದರೆ ತೊಳೆದ ಫಿಲ್ಮ್, ಎಷ್ಟು ಕಪ್ಪಾಗುತ್ತದೆ ಎಂಬುದನ್ನು 1890ರಲ್ಲಿ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬಿಬ್ಬರು ರೇಖೆಯಾಗಿ ಬರೆದು ತೋರಿಸಿದರು. ಆ ರೇಖೆ ಮೇಲ್ತುದಿಯಲ್ಲಿ ಥಟ್ಟನೆ ನಿಲ್ಲುವುದಿಲ್ಲ, ನಿಧಾನವಾಗಿ ಬಾಗುತ್ತದೆ. ಕಿಟಕಿಯ ಪಕ್ಕ ಬಿಳಿ ಅಂಗಿ ತೊಟ್ಟು ಕೂತ ಮಗುವನ್ನು ನೆನೆಸಿಕೊಳ್ಳಿ. ಬಿಸಿಲು ಬಿದ್ದ ತೋಳಿನ ಭಾಗ ಡಿಜಿಟಲ್‌ನಲ್ಲಿ ಸ್ವಲ್ಪ ಹೆಚ್ಚು ಬೆಳಕಾದರೂ ಬರೀ ಬಿಳಿ ತೇಪೆಯಾಗುತ್ತದೆ. ಕಲರ್ ನೆಗೆಟಿವ್‌ನಲ್ಲಿ ಎರಡು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿ) ಜಾಸ್ತಿಯಾದರೂ ಅಂಗಿಯ ಮಡಿಕೆಗಳು ಉಳಿದಿರುತ್ತವೆ. ಕೆನ್ನೆಯ ಮೇಲಿನ ಹೊಳಪು ಮೆಲ್ಲಗೆ ಚರ್ಮದ ಬಣ್ಣಕ್ಕೆ ಇಳಿಯುತ್ತದೆ. ಎರಡನೆಯದು ಗ್ರೇನ್, ಅಂದರೆ ಚಿತ್ರದಲ್ಲಿ ಕಾಣುವ ಸಣ್ಣ ಕಾಳುಗಳಂಥ ಚುಕ್ಕೆಗಳು. ಫಿಲ್ಮಿನ ಬೆಳ್ಳಿಯ ಹರಳುಗಳು ಅಡ್ಡಾದಿಡ್ಡಿ ಹರಡಿರುತ್ತವೆ, ಡಿಜಿಟಲ್ ಚುಕ್ಕೆಗಳಂತೆ ಸಾಲುಗಟ್ಟಿ ನಿಂತಿರುವುದಿಲ್ಲ. ಅದರಿಂದ ಚಿತ್ರಕ್ಕೆ ಒಂದು ಮೈ ಬರುತ್ತದೆ. ಇನ್ನು ಫೋನು ಹಲವು ಫ್ರೇಮುಗಳನ್ನು ಒಟ್ಟುಗೂಡಿಸಿ, ನೆರಳನ್ನೆಲ್ಲ ಎತ್ತಿ, ಮುಖದ ಸುಕ್ಕನ್ನು ತಾನಾಗಿಯೇ ನಯ ಮಾಡುತ್ತದೆ. ಎಪ್ಪತ್ತೆಂಟು ವರ್ಷದ ಮುಖಕ್ಕೆ ಆ ನಯಗಾರಿಕೆ ನನಗಂತೂ ಇಷ್ಟವಿಲ್ಲ.

ಇಷ್ಟಾದರೂ ನಿಮ್ಮ ಯಜಮಾನರ ಮಾತಿನಲ್ಲಿ ನಿಜವಿದೆ. ಒಳ್ಳೆಯ ಡಿಜಿಟಲ್ ಕ್ಯಾಮೆರಾದ ಕಚ್ಚಾ ಫೈಲನ್ನು, ಕೆಲಸ ಬಲ್ಲವರು ಕೂತು ತಿದ್ದಿದರೆ, ಫಿಲ್ಮಿನ ಹತ್ತಿರಕ್ಕೆ ತರಬಹುದು. ಚಿಕ್ಕ ಪ್ರಿಂಟ್ ಮಾಡಿ ಪಕ್ಕಪಕ್ಕ ಇಟ್ಟರೆ ನನ್ನಂಥವರೂ ಎಷ್ಟೋ ಸಲ ಗುರುತು ಹಿಡಿಯಲಾರೆವು. ಅಲ್ಲದೆ ಫಿಲ್ಮಿನ ಬಣ್ಣ ಅಂತ ನಾವು ಮೆಚ್ಚುವುದರಲ್ಲಿ ದೊಡ್ಡ ಪಾಲು ಸ್ಕ್ಯಾನರ್ ಮತ್ತು ಅದರ ಮುಂದೆ ಕೂತವರದ್ದು. ಒಂದೇ ನೆಗೆಟಿವ್ ಅನ್ನು ಫ್ರಾಂಟಿಯರ್ ಯಂತ್ರದಲ್ಲೂ ನೊರಿತ್ಸು ಯಂತ್ರದಲ್ಲೂ ಸ್ಕ್ಯಾನ್ ಮಾಡಿಸಿ ನೋಡಿ, ಎರಡು ಬೇರೆ ಬೇರೆ ಚಿತ್ರ ಬರುತ್ತವೆ. ನಿಮಗೆ ಬೇಕಿರುವುದು ಬಣ್ಣ ಮಾತ್ರವಾದರೆ ಅಷ್ಟು ಖರ್ಚು ಬೇಕಿಲ್ಲ.

ಆದರೆ ನಿಮಗೆ ಬೇಕಿರುವುದು ಬಣ್ಣ ಮಾತ್ರ ಅಂತ ನನಗೆ ಅನ್ನಿಸುತ್ತಿಲ್ಲ.

35 ಎಂಎಂ ರೋಲಿನಲ್ಲಿ 36 ಫೋಟೊ. ಅದಕ್ಕಿಂತ ಅಗಲವಾದ, ಮೀಡಿಯಂ ಫಾರ್ಮ್ಯಾಟಿನ 120 ರೋಲಿನಲ್ಲಿ, 6x7 ಸೆಂಟಿಮೀಟರ್ ಅಳತೆಯ ಫೋಟೊ ತೆಗೆಯುವ ಕ್ಯಾಮೆರಾ ಆದರೆ ಬರೀ 10. ಈ ಮಿತಿ ಫೋಟೊ ತೆಗೆಯುವವರನ್ನೂ ತೆಗೆಸಿಕೊಳ್ಳುವವರನ್ನೂ ಬದಲಿಸುತ್ತದೆ. ಮಕ್ಕಳ ಜೊತೆ ಕೆಲಸ ಮಾಡುವಾಗ ನಾನು ಇದನ್ನು ಪ್ರತಿ ಸಲ ನೋಡುತ್ತೇನೆ. ಡಿಜಿಟಲ್ ಆದರೆ ಕ್ಲಿಕ್ ಅಂದ ಕೂಡಲೇ ಮಗು 'ತೋರ್ಸಿ ತೋರ್ಸಿ' ಅಂತ ಓಡಿ ಬರುತ್ತದೆ. ಪರದೆ ನೋಡುತ್ತದೆ, ಇನ್ನೊಂದು ಸಲ ಹಲ್ಲು ಕಿರಿಯುತ್ತದೆ, ಮತ್ತೆ ಓಡಿ ಬರುತ್ತದೆ. ಫಿಲ್ಮ್ ಕ್ಯಾಮೆರಾದ ಹಿಂಬದಿಯಲ್ಲಿ ತೋರಿಸಲು ಏನೂ ಇಲ್ಲ. ಒಂದೆರಡು ಸಲ ಬಂದು ನೋಡಿ, ಏನೂ ಸಿಗದೆ, ಮಗು ತನ್ನ ಆಟಕ್ಕೆ ಹೋಗಿಬಿಡುತ್ತದೆ. ನಿಜವಾದ ಫೋಟೊ ಸಿಗುವುದು ಆಮೇಲೆ. ದೊಡ್ಡವರೂ ಅಷ್ಟೇ. 'ನಾನು ದಪ್ಪ ಕಾಣ್ತಿದೀನಿ, ಇದನ್ನು ಅಳಿಸಿ' ಅನ್ನುವ ಮಾತೇ ಬರುವುದಿಲ್ಲ. ಫೋಟೊಗ್ರಾಫರ್ ಕೂಡ ಪರದೆ ಬಿಟ್ಟು ಎದುರಿಗಿರುವ ಜನರ ಮುಖ ನೋಡುತ್ತಾನೆ.

ಇದಕ್ಕೆ ಹತ್ತಿರದ ಒಂದು ಅಧ್ಯಯನವಿದೆ. ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ ಮ್ಯೂಸಿಯಂ ಒಂದರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ್ದು. ವಸ್ತುಗಳನ್ನು ಸುಮ್ಮನೆ ನೋಡಿದವರಿಗಿಂತ ಫೋಟೊ ತೆಗೆದವರಿಗೆ ಅವುಗಳ ನೆನಪು ಕಡಿಮೆ ಉಳಿದಿತ್ತು. ಆದರೆ ವಸ್ತುವಿನ ಒಂದು ಭಾಗವನ್ನು ಗಮನವಿಟ್ಟು ಹತ್ತಿರಕ್ಕೆ ಎಳೆದು ತೆಗೆದವರಿಗೆ ಆ ನಷ್ಟ ಆಗಿರಲಿಲ್ಲ. ಅದು ಫಿಲ್ಮಿನ ಬಗ್ಗೆ ಮಾಡಿದ ಅಧ್ಯಯನವಲ್ಲ, ಹಾಗಾಗಿ ಅದರಿಂದ ಹೆಚ್ಚೇನೂ ಸಾಧಿಸಲು ಹೋಗುವುದಿಲ್ಲ. ನೋಡಿ ತೆಗೆಯುವುದಕ್ಕೂ ನೋಡದೆ ತೆಗೆಯುವುದಕ್ಕೂ ವ್ಯತ್ಯಾಸವಿದೆ ಎಂಬಷ್ಟು ಅದರಿಂದ ತಿಳಿಯುತ್ತದೆ.

ನಿಮ್ಮ ಆಲ್ಬಮ್ಮಿನ ಸಂತೋಷಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ಯಾರೋ ಆರಿಸಿ, ಅಂಟಿಸಿ, ಜೋಡಿಸಿದ್ದಾರೆ. ಒಂದು ವರ್ಷಕ್ಕೆ ನಾಲ್ಕಾರು ಪುಟ. ಫೋನಿನಲ್ಲಿರುವ ಸಾವಿರಾರು ಫೋಟೊಗಳನ್ನು ಯಾರೂ ಆರಿಸಿಲ್ಲ. ಫಿಲ್ಮ್ ತೆಗೆಸಿ, ಸ್ಕ್ಯಾನ್ ಮಾಡಿಸಿ, ಆ ಫೈಲುಗಳನ್ನು ಮತ್ತೆ ಅದೇ ಫೋನಿನೊಳಗೆ ಹಾಕಿಟ್ಟರೆ ನೀವು ಬಯಸಿದ್ದು ಸಿಗುವುದಿಲ್ಲ. ಹಾಗೆಯೇ, ಫೋನಿನಲ್ಲಿ ಈಗಾಗಲೇ ಇರುವ ಮಕ್ಕಳ ಫೋಟೊಗಳಿಂದ ಮೂವತ್ತನ್ನು ಆರಿಸಿ ಕಾಗದದ ಮೇಲೆ ಪ್ರಿಂಟ್ ಮಾಡಿಸಿದರೆ ಆ ಸಂತೋಷದ ಅರ್ಧದಷ್ಟಾದರೂ ಈ ವಾರವೇ ಸಿಗುತ್ತದೆ. ಫಿಲ್ಮ್ ತೆಗೆಸುವ ಮುಂಚೆ ಇದನ್ನೊಮ್ಮೆ ಮಾಡಿ ನೋಡಿ ಅಂತ ನನ್ನ ಬಳಿ ಬರುವ ಎಲ್ಲರಿಗೂ ಹೇಳುತ್ತೇನೆ.

ಈಗ ಅಪಾಯಗಳ ವಿಷಯ. ತಮ್ಮನ ಹೆದರಿಕೆಯಲ್ಲಿ ತಪ್ಪೇನಿಲ್ಲ, ಆದರೆ ರೋಲ್ ಹಾಳಾಗುವುದು ಜನ ಅಂದುಕೊಂಡ ಕಡೆಯಲ್ಲಿ ಅಲ್ಲ. ತೊಳೆಯುವಾಗ ಕೆಡುವುದು ಒಳ್ಳೆಯ ಲ್ಯಾಬಿನಲ್ಲಿ ಅಪರೂಪ. ಕಲರ್ ನೆಗೆಟಿವ್ ತೊಳೆಯುವ ಸಿ-41 ವಿಧಾನ 1972ರಿಂದ ಬಳಕೆಯಲ್ಲಿದೆ. ಸುಮಾರು 38 ಡಿಗ್ರಿ ಸೆಲ್ಸಿಯಸ್‌ನ ಡೆವಲಪರ್‌ನಲ್ಲಿ 3 ನಿಮಿಷ 15 ಸೆಕೆಂಡ್, ಎಲ್ಲ ಕಡೆ ಒಂದೇ ಲೆಕ್ಕ. ಹೆಚ್ಚು ನಷ್ಟ ಆಗುವುದು ಕ್ಯಾಮೆರಾದಲ್ಲಿ. ಫಿಲ್ಮಿನ ತುದಿ ಸುರುಳಿಗೆ ಸರಿಯಾಗಿ ಸಿಕ್ಕಿಕೊಳ್ಳದೆ ಇಡೀ ದಿನ ಒಂದೂ ಫ್ರೇಮ್ ಮುಂದೆ ಸರಿಯದೆ ಇರಬಹುದು. ಕೈಯಿಂದ ಸುತ್ತುವ ಕ್ಯಾಮೆರಾ ಆದರೆ ಇದನ್ನು ಕಂಡುಹಿಡಿಯುವುದು ಸುಲಭ: ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಗುಂಡಿಯೂ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಸರಿಯುತ್ತಿಲ್ಲ.

ಎರಡನೆಯ ಅಪಾಯ ಕತ್ತಲೆ. ಫೋಟೊಗ್ರಾಫರುಗಳು ಪ್ರೀತಿಸುವ ಕೊಡಾಕ್ ಪೋರ್ಟ್ರಾ 400, ಕಪ್ಪುಬಿಳುಪಿನ ಇಲ್‌ಫರ್ಡ್ ಎಚ್‌ಪಿ5 ಪ್ಲಸ್, ಎರಡರ ವೇಗವೂ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿಯೂ, 400. ಬಯಲಿನ ನೆರಳಿನಲ್ಲಿ ಇವುಗಳಿಗೆ ಎಫ್ 5.6 (ಲೆನ್ಸಿನ ತೆರಪು, ಅಂಕಿ ಚಿಕ್ಕದಾದಷ್ಟೂ ತೆರಪು ದೊಡ್ಡದು), 1/250 ಸೆಕೆಂಡ್ ಆರಾಮಾಗಿ ಸಿಗುತ್ತದೆ. ಓಡುವ ಮಗುವೂ ಸ್ಪಷ್ಟವಾಗಿ ಬರುತ್ತದೆ. ರಾತ್ರಿ ಮನೆಯೊಳಗಿನ ದೀಪದ ಬೆಳಕಿನಲ್ಲಿ ಎಫ್ 2 ಇಟ್ಟರೂ 1/60, ಇಲ್ಲವೇ 1/30ಕ್ಕೆ ಇಳಿಯಬೇಕು. ಮೂರು ವರ್ಷದ ಮಗು 1/30 ಸೆಕೆಂಡಿನಲ್ಲಿ ನಿಲ್ಲುವುದಿಲ್ಲ, ಅಲ್ವಾ? ಬೆಳಕು ಜಾಸ್ತಿಯಾದರೆ ತಾಳಿಕೊಳ್ಳುವ ನೆಗೆಟಿವ್, ಕಡಿಮೆಯಾದರೆ ಸೇಡು ತೀರಿಸಿಕೊಳ್ಳುತ್ತದೆ. ಒಂದೂವರೆ ಸ್ಟಾಪ್ ಕಡಿಮೆಯಾದರೂ ನೆರಳು ಕೆಸರಿನಂತಾಗಿ, ಗ್ರೇನ್ ಎದ್ದು, ಬಣ್ಣ ಎತ್ತೆತ್ತಲೋ ಹೋಗುತ್ತದೆ. ಆದ್ದರಿಂದ ಫಿಲ್ಮಿನ ಕೆಲಸವನ್ನೆಲ್ಲ ಹಗಲಿನಲ್ಲೇ ಮುಗಿಸಿ. ಸಂಜೆಯದ್ದನ್ನು ಡಿಜಿಟಲ್‌ಗೋ ಫೋನಿಗೋ ಬಿಡಿ.

ಚರ್ಮದ ಬಣ್ಣದ ಬಗ್ಗೆಯೂ ಒಂದು ಮಾತು ಹೇಳಬೇಕು. 'ಫಿಲ್ಮ್ ಎಲ್ಲರನ್ನೂ ಚಂದ ಮಾಡುತ್ತದೆ' ಅನ್ನುವುದು ಪೂರ್ತಿ ನಿಜವಲ್ಲ. ದಶಕಗಳ ಕಾಲ ಲ್ಯಾಬುಗಳು ಬಣ್ಣ ಹೊಂದಿಸಿಕೊಳ್ಳುತ್ತಿದ್ದದ್ದು 'ಶರ್ಲಿ ಕಾರ್ಡ್' ಎಂಬ ಮಾದರಿ ಚಿತ್ರ ನೋಡಿ. ಅದರಲ್ಲಿದ್ದದ್ದು ಬಿಳಿಯ ಹೆಂಗಸಿನ ಮುಖ. ಕಪ್ಪು, ಕಂದು ಮೈಬಣ್ಣದವರ ಮುಖದ ವಿವರಗಳು ಎಷ್ಟೋ ಫೋಟೊಗಳಲ್ಲಿ ಮುಳುಗಿ ಹೋದವು. ಚಾಕೊಲೇಟ್ ಮತ್ತು ಮರದ ಪೀಠೋಪಕರಣಗಳ ಕಂಪನಿಗಳು ತಮ್ಮ ಸರಕಿನ ಕಂದು ಛಾಯೆ ಸರಿಯಾಗಿ ಬರುತ್ತಿಲ್ಲವೆಂದು ದೂರಿದ್ದೂ ಫಿಲ್ಮ್ ಸುಧಾರಿಸಲು ಒಂದು ಕಾರಣವಾಯಿತು. ಜನರ ಮುಖಕ್ಕಾಗಿ ಆಗಬೇಕಿದ್ದ ಕೆಲಸ ಸರಕಿಗಾಗಿ ಆಯಿತೆಂಬುದು ನನಗೆ ಇವತ್ತಿಗೂ ನೋವಿನ ವಿಷಯ. ಈಗಿನ ಫಿಲ್ಮುಗಳು ಎಷ್ಟೋ ಉತ್ತಮ. ಆದರೂ ಗುಂಪಿನಲ್ಲಿ ಬೇರೆ ಬೇರೆ ಮೈಬಣ್ಣದವರಿದ್ದರೆ ಬೆಳಕು ಅಳೆಯುವ ಮೀಟರನ್ನು ಕಪ್ಪು ಮುಖದ ಮೇಲೆ ಬಿದ್ದ ಬೆಳಕಿಗೆ ನೋಡಿ, ಒಂದು ಸ್ಟಾಪ್ ಧಾರಾಳವಾಗಿ ಕೊಡಬೇಕು. ಬಿಳಿಯ ಮುಖ ಕೆಡುವುದಿಲ್ಲ, ಅದನ್ನು ನೆಗೆಟಿವ್ ನೋಡಿಕೊಳ್ಳುತ್ತದೆ. ನೀವು ಕರೆಸುವ ಫೋಟೊಗ್ರಾಫರ್ ಹಿಂದೆ ತೆಗೆದ ಫೋಟೊಗಳಲ್ಲಿ ನಿಮ್ಮ ಮನೆಯವರಂಥ ಮೈಬಣ್ಣದ ಮುಖಗಳು ಹೇಗೆ ಬಂದಿವೆ ಎಂದು ಕೇಳಿ ನೋಡಿ.

ಇನ್ನು ಹದಿನಾರು ಜನರ ಗುಂಪು ಫೋಟೊ. ಇದು ನಿಮ್ಮ ದಿನದ ಅತಿ ಕಷ್ಟದ ಫೋಟೊ. ಯಾರಾದರೂ ಕಣ್ಣು ಮುಚ್ಚಿಯೇ ಮುಚ್ಚುತ್ತಾರೆ, ಫಿಲ್ಮಿನಲ್ಲಿ ಅದು ಆಗ ಗೊತ್ತಾಗುವುದಿಲ್ಲ. ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್, ಪಿಯರ್ಸ್ ಬಾರ್ನ್ಸ್ ಎಂಬಿಬ್ಬರು ಇದರ ಲೆಕ್ಕವನ್ನೇ ಹಾಕಿದ್ದಾರೆ. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ, ಒಳ್ಳೆಯ ಬೆಳಕಿನಲ್ಲಿ ಜನಸಂಖ್ಯೆಯ ಮೂರನೇ ಒಂದರಷ್ಟು ಫೋಟೊ ತೆಗೆಯಬೇಕು, ಬೆಳಕು ಕಮ್ಮಿಯಿದ್ದರೆ ಅರ್ಧದಷ್ಟು. ನಿಮ್ಮ ಗುಂಪಿಗೆ ಆರು. 10 ಫ್ರೇಮಿನ ರೋಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಫೋಟೊಗೆ ಹೋಯಿತು! ಹಿಂದಿನ ಸಾಲೂ ಸ್ಪಷ್ಟ ಬರಬೇಕೆಂದರೆ ಎಫ್ 8ರ ಆಸುಪಾಸು ಇಡಬೇಕು, ಅದಕ್ಕೂ ಬೆಳಕು ಬೇಕು. ಈ ಒಂದು ಫೋಟೊವನ್ನು ನಾನಾದರೆ ಮೊದಲು ಡಿಜಿಟಲ್‌ನಲ್ಲಿ ತೆಗೆದು, ಎಲ್ಲರ ಕಣ್ಣು ನೋಡಿ, ಖಾತ್ರಿಯಾದ ಮೇಲೆ, ಯಾರೂ ಕದಲುವ ಮುಂಚೆ, ಎರಡು ಮೂರು ಫ್ರೇಮ್ ಫಿಲ್ಮಿನಲ್ಲಿ ತೆಗೆಯುತ್ತೇನೆ. ಫಿಲ್ಮಿನ ಶುದ್ಧತೆಗೆ ಇದರಿಂದ ಭಂಗ ಬರುತ್ತದೆ ಅನ್ನುವವರಿದ್ದಾರೆ. ಎಲ್ಲರೂ ಒಂದೇ ಕಡೆ ನಿಂತ ಫೋಟೊ ಆ ಶುದ್ಧತೆಗಿಂತ ದೊಡ್ಡದು.

ಫಿಲ್ಮನ್ನು ಉಳಿಸಿಕೊಳ್ಳಬೇಕಾದ್ದು ಬೇರೆ ಕಡೆ. ಬೆಳಿಗ್ಗೆ ಅಪ್ಪನನ್ನು ಕಿಟಕಿಯ ಪಕ್ಕ ಕೂರಿಸಿ, ಒಬ್ಬರನ್ನೇ ಆರೇಳು ಫ್ರೇಮ್. ಕಪ್ಪುಬಿಳುಪಿನಲ್ಲಾದರೆ ಇನ್ನೂ ಒಳ್ಳೆಯದು. ಆಮೇಲೆ ಮೊಮ್ಮಕ್ಕಳು ಅವರ ಪಕ್ಕ ಬಂದು ಕೂರಲಿ, ಅವರು ಏನಾದರೂ ಹೇಳುತ್ತಿರಲಿ. ಮಕ್ಕಳು ಹೊರಗೆ ಆಡುವಾಗ ಒಂದು ರೋಲ್. ಇಷ್ಟೇ ಸಾಕು.

ಹಾಗಾಗಿ ಫಿಲ್ಮ್ ಮತ್ತು ಡಿಜಿಟಲ್ ಎರಡನ್ನೂ ಹಿಡಿದು ಬರುವ ಫೋಟೊಗ್ರಾಫರನ್ನು ಕರೆಸಿ. ಫಿಲ್ಮನ್ನಷ್ಟೇ ತೆಗೆಯುತ್ತೇನೆ ಅನ್ನುವವರು ಎಷ್ಟೇ ನುರಿತವರಾದರೂ, ಈ ದಿನಕ್ಕೆ ನಾನು ಅವರನ್ನು ಆರಿಸುವುದಿಲ್ಲ. ಇನ್ನೊಂದು ದಿನ, ಮಕ್ಕಳದ್ದಷ್ಟೇ ತೆಗೆಸುವಾಗ, ಧಾರಾಳವಾಗಿ ಕರೆಸಿ. ಅಪ್ಪನ ಫೋಟೊ, ಮಕ್ಕಳ ಫೋಟೊ ಎರಡೂ ಒಂದೇ ರೋಲಿನಲ್ಲಿ ಇರಬಾರದು. ಲ್ಯಾಬಿಗೆ ಕಳಿಸುವಾಗಲೂ ಒಂದೇ ಪೊಟ್ಟಣದಲ್ಲಿ ಹಾಕದೆ, ಒಂದು ರೋಲ್ ತೊಳೆದು ಬಂದ ಮೇಲೆ ಇನ್ನೊಂದನ್ನು ಕಳಿಸಲಿ. ವಿಮಾನದಲ್ಲಿ ಒಯ್ಯುವುದಾದರೆ ಚೆಕ್-ಇನ್ ಲಗೇಜಿಗೆ ಹಾಕಲೇಬಾರದು. ವಿಮಾನ ನಿಲ್ದಾಣಗಳಲ್ಲಿ ಈಗ ಬಂದಿರುವ ಸಿಟಿ (CT) ಎಕ್ಸ್-ರೇ ಸ್ಕ್ಯಾನರುಗಳು ಕೈಚೀಲದೊಳಗಿನ ಫಿಲ್ಮನ್ನೂ ಮಬ್ಬಾಗಿಸುತ್ತವೆ, ಆದ್ದರಿಂದ ಕೈಯಿಂದ ಪರೀಕ್ಷಿಸಿ ಎಂದು ಕೇಳಿಕೊಳ್ಳಬೇಕು.

ಅಪ್ಪನ ಕ್ಯಾಮೆರಾ ಬಗ್ಗೆ ಕೇಳಿದ್ದೀರಿ. ದಯವಿಟ್ಟು ಅದರ ಹಿಂಬಾಗಿಲು ತೆರೆಯಬೇಡಿ. ಒಳಗಿನ ರೋಲಿನಲ್ಲಿ ಚಿತ್ರಗಳು ಇನ್ನೂ ಉಳಿದಿರುವ ಸಾಧ್ಯತೆ ಇದೆ. ಉಳಿದ ಫ್ರೇಮುಗಳನ್ನು ಮುಗಿಸುವ ಗೋಜಿಗೂ ಹೋಗಬೇಡಿ. ಹಳೆಯ ಫಿಲ್ಮ್ ವೇಗ ಕಳೆದುಕೊಂಡಿರುತ್ತದೆ, ಹೊಸ ಫೋಟೊ ಸರಿಯಾಗಿ ಬರುವುದಿಲ್ಲ. ಕ್ಯಾಮೆರಾದ ತಳದಲ್ಲಿ ಒಂದು ಚಿಕ್ಕ ಗುಂಡಿ ಇರುತ್ತದೆ. ಅದನ್ನು ಒತ್ತಿ, ರಿವೈಂಡ್ ಹಿಡಿಕೆಯನ್ನು ಬಾಣ ತೋರಿಸುವ ದಿಕ್ಕಿಗೆ ನಿಧಾನವಾಗಿ ಸುತ್ತಿ. ಬಿಗಿ ಹೋಗಿ ಸಡಿಲವಾದರೆ ರೋಲ್ ಒಳಗೆ ಸೇರಿಕೊಂಡಿತು ಎಂದರ್ಥ. ಸಿಕ್ಕಿಕೊಂಡರೆ ಬಲವಂತ ಬೇಡ, ಹಾಗೇ ಕ್ಯಾಮೆರಾ ಸಮೇತ ಲ್ಯಾಬಿಗೆ ಕೊಡಿ, ಅವರು ಕತ್ತಲಲ್ಲಿ ತೆಗೆಯುತ್ತಾರೆ. ಎಷ್ಟು ವರ್ಷದ ರೋಲ್ ಎಂದು ಹೇಳಿ. ಡಬ್ಬಿಯ ಮೇಲೆ ಸಿ-41 ಎಂದಿದ್ದರೆ ಬಣ್ಣದಲ್ಲಿ ತೊಳೆಸಬಹುದು, ಆದರೆ ಬಣ್ಣ ಕೆಟ್ಟು, ಮಬ್ಬು ಕವಿದು ಬಂದೀತು. ಬಹಳ ಹಳೆಯದಾದರೆ ಲ್ಯಾಬಿನವರು ಕಪ್ಪುಬಿಳುಪಿನ ರಾಸಾಯನಿಕದಲ್ಲಿ ತೊಳೆಯೋಣ ಅನ್ನಬಹುದು. ಅದರಲ್ಲಿ ಚಿತ್ರ ಸಿಗುವ ಸಂಭವ ಜಾಸ್ತಿ. ಆದರೆ ಒಮ್ಮೆ ಹಾಗೆ ತೊಳೆದರೆ ಬಣ್ಣ ಮತ್ತೆ ಬರುವುದಿಲ್ಲ. ನನ್ನನ್ನು ಕೇಳಿದರೆ, ಬಣ್ಣ ಹೋದರೂ ಮುಖ ಸಿಗಲಿ.

ರೋಲ್ ಹೊರಬಂದ ಮೇಲೆ ಕ್ಯಾಮೆರಾವನ್ನು ಪರೀಕ್ಷಿಸಿ. ಬಾಗಿಲಿನ ಅಂಚಿನ ಕಪ್ಪು ಸ್ಪಂಜು ಜಿಗುಟಾಗಿ ಕೈಗಂಟಿದರೆ ಬೆಳಕು ಒಳನುಗ್ಗುತ್ತದೆ, ಬದಲಿಸಬೇಕು. ಬ್ಯಾಟರಿ ಜಾಗದಲ್ಲಿ ಬಿಳಿ ಅಥವಾ ಹಸಿರು ಹುಡಿ ಕಟ್ಟಿದ್ದರೆ ರಿಪೇರಿಯವರಿಗೆ ತೋರಿಸಿ. ಕೆಲವು ಹಳೆಯ ಕ್ಯಾಮೆರಾಗಳು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಮಾಡಿದಂಥವು. ಅವು ಈಗ ಸಿಗುವುದಿಲ್ಲ, 1.5 ವೋಲ್ಟಿನದು ಹಾಕಿದರೆ ಮೀಟರ್ ತಪ್ಪು ಹೇಳಬಹುದು. ಎಲ್ಲ ಸರಿ ಕಂಡರೂ ಮೊದಲು ಒಂದು ಹೊಸ ರೋಲ್ ಹಾಕಿ, ಮನೆಯ ಸುತ್ತಮುತ್ತ ತೆಗೆದು, ತೊಳೆಸಿ ನೋಡಿ. ನಿಮಗೆ ಒಂದು ತಿಂಗಳಿದೆ, ಸಾಕು. ಚೆನ್ನಾಗಿ ಬಂದರೆ ಆ ದಿನ ನಿಮ್ಮ ಕೊರಳಲ್ಲಿ ಅದು ಇರಲಿ. ಮುಖ್ಯ ಫೋಟೊಗಳ ಹೊಣೆ ಫೋಟೊಗ್ರಾಫರಿಗೆ ಇರುವುದರಿಂದ ನೀವು ಆರಾಮಾಗಿ ತೆಗೆಯಬಹುದು. ಕ್ಯಾಮೆರಾವನ್ನು ಒಂದೆರಡು ಫ್ರೇಮಿಗೆ ಅಪ್ಪನ ಕೈಗೂ ಕೊಡಿ. ಬಳಸಿದ ಕೈಗೆ ಅದು ಬೇಗ ನೆನಪಾಗುತ್ತದೆ. ಅವರು ತೆಗೆದ ನಿಮ್ಮ ಮಕ್ಕಳ ಫೋಟೊ ಅಲುಗಿದ್ದರೂ ಬೇಕಾದದ್ದೇ.

ಕೊನೆಯದಾಗಿ, ಫೋಟೊಗ್ರಾಫರನ್ನು ಗೊತ್ತು ಮಾಡುವಾಗಲೇ ಒಂದು ವಿಷಯ ಬರೆಸಿಕೊಳ್ಳಿ: ನೆಗೆಟಿವ್ ನಮಗೆ ವಾಪಸ್ ಬೇಕು. ಈಗ ಎಷ್ಟೋ ಕಡೆ ಸ್ಕ್ಯಾನ್ ಮಾಡಿದ ಫೈಲುಗಳನ್ನಷ್ಟೇ ಕಳಿಸುತ್ತಾರೆ, ನೆಗೆಟಿವ್ ಕೇಳದಿದ್ದರೆ ಸ್ವಲ್ಪ ದಿನ ಇಟ್ಟುಕೊಂಡು ಎಸೆದುಬಿಡುತ್ತಾರೆ. ಫಿಲ್ಮಿಗೆ ಕೊಟ್ಟ ದುಡ್ಡಿನಲ್ಲಿ ಕೈಗೆ ಸಿಗುವ ವಸ್ತು ಅದೊಂದೇ. ಇಪ್ಪತ್ತು ವರ್ಷದ ನಂತರ ಇನ್ನೂ ಒಳ್ಳೆಯ ಸ್ಕ್ಯಾನರ್ ಬಂದಾಗ ಅದರಿಂದಲೇ ಹೊಸ ಪ್ರಿಂಟ್ ತೆಗೆಯಬಹುದು. ಸುರುಳಿ ಸುತ್ತಿ ಡಬ್ಬಿಯಲ್ಲಿ ತುಂಬಬೇಡಿ. ಆರಾರು ಫ್ರೇಮಿನ ಪಟ್ಟಿಗಳಾಗಿ ಕತ್ತರಿಸಿ, ಪಾಲಿಪ್ರೊಪಿಲೀನ್ ಹಾಳೆಗಳಲ್ಲಿ ಹಾಕಿ, ಕತ್ತಲೂ ತಂಪೂ ಇರುವ ಒಣ ಜಾಗದಲ್ಲಿ ಇಡಿ. ಪಿವಿಸಿ ಹಾಳೆಗಳೂ ಅಂಟು ಪುಟದ ಆಲ್ಬಮ್ಮುಗಳೂ ಬೇಡ, ಎರಡೂ ಕಾಲಕ್ರಮೇಣ ಚಿತ್ರವನ್ನು ಕೆಡಿಸುತ್ತವೆ. ಪ್ರಿಂಟಿನ ಹಿಂದೆ ಹೆಸರು ಬರೆಯುವಾಗ ಬಾಲ್ ಪೆನ್ ಒತ್ತಿದರೆ ಮುಂದೆ ಗುರುತು ಮೂಡುತ್ತದೆ. ಈಗಿನ ಕಾಗದದ ಹಿಂಬದಿ ಪ್ಲಾಸ್ಟಿಕ್ ಆದ್ದರಿಂದ ಪೆನ್ಸಿಲ್ಲೂ ಹಿಡಿಯುವುದಿಲ್ಲ. ಪಿಗ್ಮೆಂಟ್ ಶಾಯಿಯ ಪೆನ್ನಿನಲ್ಲಿ ಹಗುರವಾಗಿ ಬರೆದು, ಪೂರ್ತಿ ಒಣಗಿದ ಮೇಲೆಯೇ ಒಂದರ ಮೇಲೊಂದು ಇಡಿ.